ರಂಪಣಿ ಹಗ್ಗ ಹಿಡಿದ ನಮ್ಮತ್ತೆ

ಮದ್ದೂರಿನಲ್ಲಿ ರೈಲು ಹತ್ತಿದ ಮೇಲೂ ನಮ್ಮತ್ತೆ ದೇವಮ್ಮನವರು ನಮ್ಮೂರು ಕೊಪ್ಪದ ಗದ್ದೆಯ ಮಾತು ಬಿಟ್ಟಿರಲಿಲ್ಲ. ನಮ್ಮ ಯಜಮಾನರು ಮದ್ದೂರಿನ ಶಾಲೆಯಲ್ಲಿ ಮೇಷ್ಟ್ರು. ದೀಪಾವಳಿಯ ರಜೆಯಲ್ಲಿ ತಾಯಿಗೂ ಹೆಂಡತಿಗೂ ಸಮುದ್ರ ತೋರಿಸಲೇಬೇಕೆಂದು ಹಟ ಹಿಡಿದಿದ್ದರು. "ನಾಲೆ ನೋಡಿದ್ದಾಯ್ತಲ್ಲ, ಅದೂ ನೀರೇಯ" ಎಂದು ಗೊಣಗಿದ ಅತ್ತೆಯೇ ಹೊರಡುವ ದಿನ ಎಲ್ಲರಿಗಿಂತ ಮೊದಲು ಗಂಟು ಕಟ್ಟಿಕೊಂಡು ಜಗಲಿಯಲ್ಲಿ ಕುಳಿತಿದ್ದರು.

ಮೈಸೂರಿಗೆ, ಅಲ್ಲಿಂದ ಹಾಸನಕ್ಕೆ ರೈಲು. ಆಮೇಲೆ ಘಟ್ಟ ಇಳಿಯುವ ಬಸ್ಸು. ಅದರಲ್ಲಿ ನಮ್ಮ ಮೂಳೆಗಳೆಲ್ಲ ಒಂದಕ್ಕೊಂದು ಪರಿಚಯವಾದವು. ಮಂಗಳೂರಿನಲ್ಲಿ ಒಂದು ದಿನ ಕುಚ್ಚಲಕ್ಕಿ ಗಂಜಿ ಕುಡಿದು, ಕಾರವಾರದ ಕಡೆ ಹೋಗುವ ಹಡಗು ಹತ್ತಿದೆವು. ನಮ್ಮದು ಡೆಕ್ಕಿನ ಟಿಕೆಟ್ಟು. ಚಾಪೆ ಹಾಸಿಕೊಂಡು, ಕೋಳಿ ಗೂಡುಗಳ ಪಕ್ಕದಲ್ಲಿ ಮಲಗಬೇಕು. ಹಡಗು ಅತ್ತಿತ್ತ ವಾಲತೊಡಗಿದಂತೆ ಭೂಗೋಳ ಪಾಠ ಮಾಡುವ ಮೇಷ್ಟ್ರು ಬಕೀಟು ಅಪ್ಪಿಕೊಂಡು ಕುಳಿತರು. ನಾನೂ ಅತ್ತೆಯೂ ಮನೆಯಿಂದ ತಂದ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಸೊಗಸಾಗಿ ನಿದ್ದೆ ಮಾಡಿದೆವು.

ಮರುದಿನ ಬೆಳಿಗ್ಗೆ ಹೊನ್ನಾವರದ ಆಚೆ ಹಡಗು ಲಂಗರು ಹಾಕಿತು. ತೆಂಗಿನಕಾಯಿ ಮೂಟೆ ಹೇರುವ ತನಕ ಇಳಿದು ನೋಡಿಬರಬಹುದು, ಸೀಟಿ ಕೂಗಿದ ಕೂಡಲೇ ದೋಣಿಗೆ ಬಂದುಬಿಡಬೇಕು ಎಂದು ಹಡಗಿನವರು ಹೇಳಿದರು. ಸಣ್ಣ ದೋಣಿಯಲ್ಲಿ ದಡ ಸೇರಿದೆವು. ಹಿಟ್ಟಿನಂಥ ಮರಳು, ಅದರ ಹಿಂದೆ ಬಾಗಿದ ತೆಂಗು, ತೆಂಗಿನಡಿ ಗರಿ ಹೊದಿಸಿದ ಮೀನುಗಾರರ ಮನೆಗಳು. ಬಿಸಿಲು ಚುರುಕಾಗಿತ್ತು, ಗಾಳಿ ತಂಪಾಗಿತ್ತು. ನಾನು ಖುಷಿಯಲ್ಲಿ ಮರಳಿನ ಮೇಲೆ ಓಡಾಡಿದೆ. ಅತ್ತೆ ಸೀರೆ ಎತ್ತಿ ಕಟ್ಟಿ, ಮೊಣಕಾಲಿನವರೆಗೆ ನೀರಿಗಿಳಿದು, ಬೊಗಸೆಯಲ್ಲಿ ಕುಡಿದು ಉಗುಳಿದರು. "ಇಸ್ಟೊಂದು ನೀರು, ಒಂದ್ ಪೈರ್ಗೂ ಆಗಾಕಿಲ್ವಲ್ಲಮ್ಮಿ" ಎಂದು ಬಹಳ ಹೊತ್ತು ಸಂಕಟಪಟ್ಟರು.

ದಡದ ಒಂದು ಕಡೆ ಕೂಗಾಟ ಕೇಳಿಸಿ ಅತ್ತ ಹೋದೆವು. ರಂಪಣಿ ಎಂಬ ದೊಡ್ಡ ಬಲೆ ಬೀಸಿದ್ದರು. ದೋಣಿಯಲ್ಲಿ ಹೋಗಿ ಮೀನಿನ ಹಿಂಡಿನ ಸುತ್ತ ಅರ್ಧ ಚಂದ್ರದಂತೆ ಬಲೆ ಬಿಡುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ಎರಡು ಗುಂಪುಗಳು ದಡದಿಂದ ಎಳೆಯುತ್ತವೆ. ಅಂದು ಗಂಡಸರಲ್ಲಿ ಅರ್ಧ ಜನ ಹೊಳೆಯಾಚೆ ಮದುವೆಗೆ ಹೋಗಿದ್ದರು. ಊರವರೆಲ್ಲ ಸೇರಿ ಮಾಡಿಸಿದ ಹೊಸ ಬಲೆ, ಅದರ ಮೊದಲ ಎಳೆತ. ಇದ್ದಕ್ಕಿದ್ದಂತೆ ಬಂದ ಬಂಗುಡೆ ಮೀನಿನ ಹಿಂಡನ್ನು ಬಿಡಲಾರದೆ ಬಲೆ ಬೀಸಿ, ಈಗ ಎಳೆಯಲು ಆಳು ಸಾಲದೆ ಒದ್ದಾಡುತ್ತಿದ್ದರು. ನಾವು ನಿಂತ ಕಡೆಯ ಹಗ್ಗದಲ್ಲಿ ಐದಾರು ಮುದುಕರಷ್ಟೇ ಇದ್ದರು. ಹೆಂಗಸರು ಬುಟ್ಟಿ ಹಿಡಿದು ನೋಡುತ್ತ ನಿಂತಿದ್ದರು.

"ಅಮ್ಮಾ, ಒಂದು ಕೈ ಹಾಕ್ತ್ರಾ? ಇದು ಹೋದ್ರೆ ಊರಿಗೆ ಊರೇ ಉಪಾಸ" ಎಂದರು ಬಲೆಯ ಮುಖ್ಯಸ್ಥರಾದ ತಾಂಡೇಲರು. "ಆದ್ರೆ ಕೈ ಹಾಕಿದ್ಮೇಲೆ ಬಲೆ ದಡಕ್ಕೆ ಬರೂವರೆಗೆ ಬಿಡೂಕಿಲ್ಲ. ಅದು ನಮ್ಮ ಕಟ್ಟು."

ಅತ್ತೆ ಸೆರಗು ಸಿಕ್ಕಿಸಿ ಹಗ್ಗ ಹಿಡಿದೇಬಿಟ್ಟರು. ನಾನೂ ಯಜಮಾನರೂ ಹಿಂದೆ ನಿಂತೆವು. ಕೆಸರಿನಲ್ಲಿ ಹೂತ ಗಾಡಿ ಎಳೆಯುವಂತೆ ಮೂವರೂ ಜೋರಾಗಿ ಜಗ್ಗಿದೆವು. ನಮ್ಮ ತುದಿ ಸರಕ್ಕನೆ ಮುಂದೆ ಬಂದು ಬಲೆ ಓರೆಯಾಯಿತು. ಸಂದಿಯಲ್ಲಿ ಮೀನು ಪಳಪಳನೆ ಹಾರಿ ಹೊರಬಿದ್ದವು. "ಹೋಯ್ತು, ಹೋಯ್ತು! ಎರಡೂ ಬದಿ ಸಮ ಬರ್ಬೇಕು" ಎಂದು ತಾಂಡೇಲರು ತಲೆ ಚಚ್ಚಿಕೊಂಡರು. ಉಪಕಾರಕ್ಕೆ ಬಂದು ಅವರ ಅನ್ನಕ್ಕೆ ಕಲ್ಲು ಹಾಕಿದೆವಲ್ಲ ಎಂದು ನನಗನ್ನಿಸಿತು.

ಅತ್ತೆ ಆಚೆ ಗುಂಪನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಅವರು ಒಟ್ಟಿಗೆ ಒಂದೊಂದೇ ಹೆಜ್ಜೆ ಹಿಂದಿಡುತ್ತಿದ್ದರು. "ಅಯ್ಯೋ, ಇದು ನಾಟಿ ಸಾಲು ಕಣಮ್ಮಿ" ಎಂದವರೇ ಆ ಊರಿನ ಹೆಂಗಸರತ್ತ ತಿರುಗಿದರು. "ಯಾಕ್ರವ್ವ ನಿಂತಿದ್ದೀರಿ? ಪುಟ್ಟಿ ಕೆಳಗಿಕ್ಕಿ ಬನ್ನಿ. ನಾನು ಎಜ್ಜೆ ಇಂದಕ್ಕಿಕ್ಕುದ್ರೆ ಎಲ್ಲಾರೂ ಇಕ್ಬೇಕು. ಒಬ್ರೂ ಅವಸ್ರ ಮಾಡ್ಬ್ಯಾಡಿ."

ಹೆಂಗಸರು ಮುಖ ಮುಖ ನೋಡಿಕೊಂಡು, ನಕ್ಕು, ಬಂದು ಹಗ್ಗ ಹಿಡಿದರು. ಅತ್ತೆ ನಾಟಿ ಪದ ಎತ್ತಿದರು. ಆ ಹೆಂಗಸರಿಗೆ ಹಾಡು ಬಾರದು, ಪ್ರತಿ ಸಾಲಿನ ಕೊನೆಯ ರಾಗ ಮಾತ್ರ ಹಿಡಿದು ದನಿಗೂಡಿಸಿದರು. ಗದ್ದೆಯಲ್ಲಿ ಪೈರು ನೆಡುತ್ತ ಹಿಂದೆ ಸರಿಯುವಂತೆಯೇ ಮರಳಿನಲ್ಲಿ ಸಾಲಾಗಿ ಹಿಂದೆ ಸರಿದೆವು. ಬಲೆ ಸಮವಾಯಿತು.

ಆಗ ಹಡಗಿನ ಸೀಟಿ ಕೂಗಿತು.

"ಅವ್ವ, ಬುಡವ್ವ, ಅಡಗು ಒಂಟೋಯ್ತದೆ. ನಮ್ಮ ಗಂಟೆಲ್ಲ ಅಲ್ಲೇ ಅದೆ" ಎಂದರು ಯಜಮಾನರು. ಗಾಬರಿಯಲ್ಲಿ ಅವರ ಮೇಷ್ಟ್ರ ಭಾಷೆ ಮಾಯವಾಗಿತ್ತು.

"ಓದ್ರೆ ಓಗ್ಲಿ ಬುಡ್ಲಾ. ಅಡಗು ಇನ್ನೊಂದ್ಸಲ ಬತ್ತದೆ. ಈ ಮೀನು ಬತ್ತದಾ? ಎಳಿ."

ಎಳೆದೆವು. ಅಂಗೈ ಸುಲಿದು ಉರಿಯುತ್ತಿತ್ತು. ಎರಡು ಗುಂಪೂ ಹತ್ತಿರ ಹತ್ತಿರ ಬಂದು, ಕೊನೆಗೆ ಹೆಗಲಿಗೆ ಹೆಗಲು ತಾಗಿದಾಗ ಬಲೆಯ ಹೊಟ್ಟೆ ಮರಳಿಗೆ ಬಂತು. ಬಂಗುಡೆಯ ರಾಶಿ ಬಿಸಿಲಿಗೆ ಬೆಳ್ಳಿಯಂತೆ ಕುದಿಯುತ್ತಿತ್ತು. ಮುದುಕರು ಕುಣಿದರು, ಹೆಂಗಸರು ಅತ್ತೆಯನ್ನು ಅಪ್ಪಿಕೊಂಡರು. ಮೇಷ್ಟ್ರು ಮರಳಿನಲ್ಲಿ ಬಿದ್ದುಕೊಂಡು ಮಗುವಿನಂತೆ ನಗುತ್ತಿದ್ದರು. ಜೀವನದಲ್ಲಿ ಅಷ್ಟು ದೊಡ್ಡದೊಂದನ್ನು ಗೆದ್ದೆ ಎಂದು ನನಗೆ ಅದುವರೆಗೆ ಅನ್ನಿಸಿರಲಿಲ್ಲ.

ತಾಂಡೇಲರು ಅಲ್ಲೇ ಪಾಲು ಹಾಕಿದರು. ಹೆಂಗಸರ ಮುಂದೆಯೂ ಗಂಡಸರಷ್ಟೇ ಎತ್ತರದ ಗುಡ್ಡೆ ಬಿದ್ದಿದ್ದನ್ನು ನೋಡಿ ಅತ್ತೆ, "ಎಂಗಸ್ರಿಗೂ ಅಸ್ಟೇಯಾ?" ಎಂದು ಕೇಳಿದರು.

"ಹಗ್ಗ ಹಿಡಿದವ್ರಿಗೆಲ್ಲ ಒಂದೇ ಪಾಲು ಅಮ್ಮಾ. ಬೇರೆ ಲೆಕ್ಕ ನಮ್ಮಲ್ಲಿಲ್ಲ."

ಅತ್ತೆ ಆ ಗುಡ್ಡೆಗಳನ್ನು ಮತ್ತೊಮ್ಮೆ ಒಂದೊಂದಾಗಿ ನೋಡಿದರು. ನಮ್ಮ ಪಾಲಿನ ಮೀನನ್ನು ಬುಟ್ಟಿಗೆ ಹಾಕಿ, ನಮ್ಮನ್ನೂ ದೋಣಿಗೆ ಹಾಕಿ, ಮೀನುಗಾರರು ಅಲೆ ಸೀಳಿಕೊಂಡು ಹುಟ್ಟು ಹಾಕಿದರು. ಲಂಗರು ಎತ್ತುತ್ತಿದ್ದ ಹಡಗಿನ ಏಣಿ ಹಿಡಿದಾಗ ಡೆಕ್ಕಿನವರೆಲ್ಲ ಚಪ್ಪಾಳೆ ತಟ್ಟಿದರು. ಆ ಸಂಜೆ ಇಡೀ ಡೆಕ್ಕಿಗೆ ನಮ್ಮದೇ ಬಂಗುಡೆ ಊಟ. ಬಕೀಟಿನ ನೆನಪೇ ಇಲ್ಲದವರಂತೆ ಮೇಷ್ಟ್ರು ಎರಡು ಸಲ ಬಡಿಸಿಕೊಂಡರು. ಕಾರವಾರ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂತಿರುಗಿದೆವು.

ನಾವು ಕೊಪ್ಪಕ್ಕೆ ಬರುವ ಹೊತ್ತಿಗೆ ರಾಗಿ ಕುಯ್ಲು ಶುರುವಾಗಿತ್ತು. ನಮ್ಮ ಕಡೆ ಗಂಡಾಳಿಗೆ ಎರಡು ಸೇರು ಕೂಲಿ, ಹೆಣ್ಣಾಳಿಗೆ ಒಂದು. ಮೊದಲ ದಿನದ ಸಂಜೆ ಅತ್ತೆ ಕಣದಲ್ಲಿ ಸೇರು ಹಿಡಿದು ಕುಳಿತು, ಹೆಣ್ಣಾಳುಗಳಿಗೂ ಎರಡೆರಡು ಅಳೆಯತೊಡಗಿದರು. ಪಕ್ಕದಲ್ಲಿದ್ದ ಅವರ ಮೈದುನ ಬೆಚ್ಚಿಬಿದ್ದು, "ಏನತ್ಗೆ, ಎಂಗಸ್ರಿಗೂ ಎಲ್ಡ್ ಸೇರಾ? ಊರ್ನೋರು ಏನಂದಾರು?" ಎಂದರು.

"ದುಡ್ದಿರೋ ಕೈ ನೋಡಿ ಅಳೀತಾ ಇವ್ನಿ ಕಣಪ್ಪ" ಎಂದರು ಅತ್ತೆ. "ಊರ್ನೋರು ಕೇಳುದ್ರೆ ನನ್ತಾವ್ಕೇ ಕಳ್ಸು."

ಮುಂದಿನವಳು ಅನುಮಾನಿಸುತ್ತಲೇ ಮಡಿಲೊಡ್ಡಿದಳು. ಅತ್ತೆ ಒಂದು ಸೇರು ಸುರಿದು, ಅವಳು ಹೊರಡದಂತೆ ಸೆರಗು ಹಿಡಿದು ನಿಲ್ಲಿಸಿ, ಇನ್ನೊಂದು ಸೇರು ಸುರಿದರು.