ಮೂರು ಬೆರಳು ಇಳಿದ ಕಾರು

ಸ್ಪೋರ್ಟ್ಸ್ ಕಾರಿನವರಿಗೆ ಬುದ್ಧಿ ಹೇಳೂದು ನಾ ಬಿಟ್ಟೇನಿ. ಕಿತ್ತೂರ ಹೈವೇ ಬಾಜೂಕ ನಂದೊಂದು ಗ್ಯಾರೇಜ್ ಐತಿ. ಬೈಲಹೊಂಗಲ ಕಡೆ ಹಳ್ಳಿಯ ಗೌಡರೊಬ್ರು ಒಂದಿನ ಕೆಂಪು ಕಾರ್ ತಂದು ನಿಲ್ಲಿಸಿದ್ರು.

"ತಿರುವಿನ್ಯಾಗ ಭಾಳ ವಾಲತೈತ್ರಿ. ಸಸ್ಪೆನ್ಷನ್ ಬಿಗಿ ಮಾಡಿ ಕೆಳಗ ಇಳಸ್ರಿ."

"ಗೌಡ್ರ, ನಿಮ್ಮೂರ ರಸ್ತಾ..."

"ನಮ್ಮೂರ ರಸ್ತಾ ನನಗ ಗೊತ್ತಿಲ್ಲೇನ್ರಿ?"

ಬಾಯಿ ಮುಚಗೊಂಡು ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ಹಾಕಿದೆ. ಕಾರು ಮೂರು ಬೆರಳು ಇಳೀತು. ಓಡಿಸಿ ನೋಡಿದ್ರ, ತಿರುವಿನ್ಯಾಗ ಹಳಿ ಮ್ಯಾಲಿನ ರೈಲಿನಂಗ ಹೋತು. ಖುಷಿಗೆ ಗೌಡ್ರು ನನ್ನನ್ನೂ ಕೂಡಿಸಿಕೊಂಡು ಊಟಕ್ಕ ತಮ್ಮ ಮನಿಗೆ ಹೊಂಟ್ರು.

ಮನಿ ಇನ್ನೇನು ಹತ್ತು ಮಾರು ಅನ್ನೂದ್ರಾಗ ಧಡ್ ಅಂತು. ಕಾರು ರಸ್ತಾದಾಗಿನ ಸ್ಪೀಡ್ ಹಂಪಿನ ಮ್ಯಾಲೆ ಹೊಟ್ಟಿ ಊರಿ ಕುಂತಬಿಡ್ತು.

ನಾ ಸಿಟ್ಟಿಲೆ ಇಳಿದು, "ಇಷ್ಟೆತ್ತರ ಹಂಪ್ ಯಾವ ಕತ್ತಿ ಮಗ ಕಟ್ಟಿಸ್ಯಾನ್ರಿ?" ಅಂದೆ.

ಮನಿ ಕಟ್ಟಿ ಮ್ಯಾಲೆ ಕುಂತಿದ್ದ ಗೌಡ್ರ ತಾಯಿ ಹೇಳಿದ್ರು: "ನನ್ನ ಮಗನ ಕಟ್ಟಿಸ್ಯಾನಪಾ. ಪಂಚಾಯ್ತಿಯವ್ರು ಹಾಕಿದ್ದು ಸಣ್ಣದಾತಂತ, ತಾನ ನಿಂತು ಎತ್ತರ ಮಾಡಿಸ್ದ."

ಆರು ಮಂದಿ ಸೇರಿ ಕಾರ್ ಎತ್ತಿ ಇಳಿಸಿದ್ವಿ.

"ಹಂಪ್ ಒಡಸ್ರಿ," ಅಂದೆ.

"ಛೇ, ಮಂದಿ ಗಾಡಿ ಜೋರ್ ಹೊಡೀತಾರ್ರಿ!" ಅಂದ್ರು ಗೌಡ್ರು.

"ಹಂಗಾರ ಕಾರ್ ಮತ್ತ ಎತ್ತರ ಮಾಡ್ಲ್ಯಾ?"

"ಆ ತಿರುವಿನ ಮಜಾ ಹೋಗತೈತಲ್ರಿ."

ಈಗ ಕಾರು ನಮ್ಮ ಗ್ಯಾರೇಜಿನ್ಯಾಗ ಇರತೈತಿ. ಅದನ್ನ ಜೋರ್ ಹೊಡಿಯಾಕ ಗೌಡ್ರು ವಾರಕ್ಕೊಮ್ಮೆ ಬಸ್ಸಿಗೆ ಬರತಾರ.