ಉಚ್ಚಿಲದ ನಾಯಿ ಮತ್ತು ಎರಡನೇ ನಂಬರು

ಕಳೆದ ಡಿಸೆಂಬರ್ ಮೂರನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಶಿರ್ವದ ಒಂದು ಮನೆಗೆ ಕಂದು ಬಣ್ಣದ ಹೆಣ್ಣು ನಾಯಿಯೊಂದನ್ನು ಬಿಟ್ಟು ಬಂದೆ. ಐದನೆಯ ವಾರ ಅದೇ ನಾಯಿಯನ್ನು ಅದೇ ಮನೆಯಿಂದ ವಾಪಸು ತಂದೆ. ಮನೆಯವರು ಕೆಟ್ಟವರಲ್ಲ. ತಪ್ಪು ನನ್ನದು.

ನಾಯಿಗೆ ಅಂದಾಜು ನಾಲ್ಕು ವರ್ಷ. ಉಚ್ಚಿಲದ ಬಳಿ ಹೆದ್ದಾರಿಯಲ್ಲಿ ವಾಹನ ತಾಗಿ ಬಿದ್ದಿತ್ತು. ಹಿಂಗಾಲಿನ ಮೂಳೆ ಮುರಿದಿತ್ತು. ಕೂಡಿಕೊಂಡ ಮೇಲೂ ಸ್ವಲ್ಪ ಕುಂಟು ಉಳಿಯಿತು. ಇಂಥ ನಾಯಿಗಳನ್ನು ಎತ್ತಿ ತಂದು, ಗುಣಪಡಿಸಿ, ಮನೆ ಹುಡುಕಿ ಕೊಡುವ ಕೆಲಸವನ್ನು ನಾವು ನಾಲ್ಕು ಜನ ಮಾಡುತ್ತೇವೆ. ನಮಗೆ ಬೋರ್ಡ್ ಇಲ್ಲ, ಕಚೇರಿಯೂ ಇಲ್ಲ. ಉಡುಪಿಯಲ್ಲಿ ಕ್ಲಿನಿಕ್ ಇರುವ ಪಶುವೈದ್ಯೆಯೊಬ್ಬರು ಚಿಕಿತ್ಸೆ ನೋಡಿಕೊಳ್ಳುತ್ತಾರೆ. ಇಬ್ಬರು ಕಾಲೇಜು ಉಪನ್ಯಾಸಕರು ನಾಯಿಗಳನ್ನು ಹಿಡಿದು ತರುತ್ತಾರೆ. ಕೇಳಿದವರ ಮನೆ ಪರಿಶೀಲಿಸುವುದು ನನ್ನ ಪಾಲಿನದು. ನಾನು ಪತ್ರಿಕೆಯೊಂದರಲ್ಲಿ ಜಿಲ್ಲಾ ಪುಟದ ಡೆಸ್ಕ್‌ನಲ್ಲಿದ್ದೇನೆ. ಪಾಳಿ ಮಧ್ಯಾಹ್ನ ಮೂರಕ್ಕೆ ಶುರು, ಬೆಳಿಗ್ಗೆ ಬಿಡುವು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳದೆ ಬರೆಯಬಾರದೆಂದು ಅಲ್ಲಿ ಕಲಿತದ್ದನ್ನೇ ಇಲ್ಲಿಯೂ ಮಾಡುತ್ತೇನೆ. ಮನೆಯವರೊಡನೆ ಮಾತಾಡಿ, ಆಮೇಲೆ ಅವರಿಗೆ ಗೊತ್ತಾಗದಂತೆ ಪಕ್ಕದ ಮನೆಯವರೊಡನೆ ಮಾತಾಡುತ್ತೇನೆ.

ನಾವು ನಾಯಿಗಳಿಗೆ ಹೆಸರಿಡುವುದಿಲ್ಲ. ಹೆಸರಿಡುವುದು ಸಾಕುವವರ ಹಕ್ಕು. ಸಿಕ್ಕಿದ ಊರಿನಿಂದ ಗುರುತಿಸುತ್ತೇವೆ: ಕಾಪುವಿನ ಬಿಳಿಯದು, ನಿಟ್ಟೆಯ ಹಾಸ್ಟೆಲಿನದು, ಉಚ್ಚಿಲದ್ದು.

ಉಚ್ಚಿಲದ್ದಕ್ಕೆ ಮನೆ ಸಿಗುವುದು ಕಷ್ಟವಿತ್ತು. ಫೋನ್ ಮಾಡುವವರು ಮೂರು ಪ್ರಶ್ನೆ ಕೇಳುತ್ತಾರೆ. ಜಾತಿ ನಾಯಿ ಉಂಟಾ? ಗಂಡು ಉಂಟಾ? ಮರಿ ಉಂಟಾ? ಮೂರಕ್ಕೂ ಇಲ್ಲ ಎಂದ ಮೇಲೆ, ಇದ್ದರೆ ಹೇಳಿ ಎಂದು ಫೋನ್ ಇಡುತ್ತಾರೆ. ನವೆಂಬರಿನಲ್ಲಿ ಒಬ್ಬರು ಮಾತ್ರ ಹಾಗೆ ಫೋನ್ ಇಡಲಿಲ್ಲ. ಕಾರ್ಕಳದಲ್ಲಿ ಮನೆಯಲ್ಲೇ ರವಿಕೆ ಹೊಲಿಯುವ ಐವತ್ತರ ಆಸುಪಾಸಿನ ಹೆಂಗಸು.

"ಕುಂಟಾದರೆ ಎಂತ? ಓಡಿಸಲಿಕ್ಕುಂಟಾ ನನಗೆ?" ಎಂದರು.

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ನಾನೊಬ್ಬಳೇ ಎಂದರು. ಹಾಗಾದರೆ ಕೊಡಲಾಗುವುದಿಲ್ಲ ಎಂದೆ. ಆ ಮಾತುಕತೆ ಎರಡು ನಿಮಿಷವೂ ನಡೆಯಲಿಲ್ಲ.

ಒಬ್ಬರೇ ಇರುವ ಮನೆಗೆ ನಾಯಿ ಕೊಡಬಾರದೆಂಬುದು ನಮ್ಮ ಅರ್ಜಿ ಫಾರ್ಮಿನ ಆರನೆಯ ನಿಯಮ. ಬರೆದವನು ನಾನು. ಅದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಕಾಪುವಿನಲ್ಲಿ ಒಂಟಿಯಾಗಿದ್ದ ಒಬ್ಬರಿಗೆ ನಾಯಿ ಕೊಟ್ಟಿದ್ದೆವು. ಅವರು ಬಸ್ಸಿನಲ್ಲಿ ಕುಸಿದು ಆಸ್ಪತ್ರೆ ಸೇರಿದರು. ಮನೆಯಲ್ಲಿ ನಾಯಿ ಇದೆಯೆಂದು ಹೇಳುವ ಸ್ಥಿತಿಯಲ್ಲಿರಲಿಲ್ಲ. ನಾಯಿ ಬಚ್ಚಲಿನ ಬಕೆಟ್‌ನ ನೀರು ಕುಡಿದುಕೊಂಡು ಒಂಬತ್ತು ದಿನ ಒಳಗೇ ಇತ್ತು. ನಾಯಿ ಉಳಿಯಿತು. ಅವರು ಉಳಿಯಲಿಲ್ಲ.

ಶಿರ್ವದ ಮನೆಯಿಂದ ಫೋನ್ ಬಂದದ್ದು ಡಿಸೆಂಬರ್ ಮೊದಲ ವಾರ. ಮನೆಯ ಯಜಮಾನರೇ ಮಾತಾಡಿದರು. ನಾನು ಹೋಗಿ ನೋಡಿದೆ. ಎರಡು ಮಹಡಿಯ ಮನೆ, ಸುತ್ತ ಆಳೆತ್ತರದ ಕಾಂಪೌಂಡ್, ಬಾವಿಗೆ ಕಬ್ಬಿಣದ ಜಾಲರಿ. ಮೆಟ್ಟಿಲ ಬಳಿ ಹನ್ನೊಂದು ಜೊತೆ ಚಪ್ಪಲಿ. ಒಳಗೆ ಯಾರೋ ಕ್ರಿಸ್ಮಸ್ ತಿಂಡಿ ಕರಿಯುತ್ತಿದ್ದರು, ಮಕ್ಕಳು ಜಗುಲಿಯಲ್ಲಿ ಬಾಲಯೇಸುವಿನ ಗೋದಲಿಗೆ ಹುಲ್ಲು ಹಾಸುತ್ತಿದ್ದರು. ನಾಯಿಗೂಡಿಗೆ ಟೈಲ್ಸ್ ಹಾಕಿಸಿದ್ದರು.

"ಸರ್, ನಾನು ಕುವೈತ್‌ಗೆ ಹೋದ ಹೊಸತರಲ್ಲಿ ಇದ್ದ ರೂಮಿಗಿಂತ ಇದು ದೊಡ್ಡದುಂಟು," ಎಂದರು ಯಜಮಾನರು. "ಅದರಲ್ಲಿ ನಾವು ಆರು ಜನ."

"ಈ ಮನೆಯಲ್ಲಿ ಎಷ್ಟು ಜನ?"

"ಒಂಬತ್ತು. ನಾಯಿ ಬಂದರೆ ಹತ್ತು."

ಪಕ್ಕದ ಮನೆಯವರನ್ನು ಕೇಳಿದೆ. ಒಳ್ಳೆಯ ಜನ, ಮನೆ ತುಂಬ ಮಕ್ಕಳು ಎಂದರು. ಎರಡು ಕಡೆಯಿಂದಲೂ ಖಚಿತವಾಯಿತು. ಕುವೈತ್ ಎಂಬ ಮಾತು ನನ್ನ ಎದುರಿಗೇ ಬಂದಿತ್ತು. ಈ ಕಡೆಯ ಮನೆಗಳು ಡಿಸೆಂಬರಿನಲ್ಲಿ ತುಂಬಿ ಜನವರಿಯಲ್ಲಿ ಖಾಲಿಯಾಗುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಎಷ್ಟು ಜನ ಎಂದು ಕೇಳಿದೆ. ಎಲ್ಲಿಯವರೆಗೆ ಎಂದು ಕೇಳಲಿಲ್ಲ. ಕ್ರಿಸ್ಮಸ್ ಮೊದಲಿನ ಭಾನುವಾರ ನಾಯಿಯನ್ನು ಬಿಟ್ಟು ಬಂದೆ.

ಕೊಟ್ಟ ಮೇಲೆ ಒಂದು ತಿಂಗಳು ನಾವು ಯಾರೂ ಆ ಮನೆಗೆ ಹೋಗುವುದಿಲ್ಲ. ನಮ್ಮನ್ನು ಕಂಡರೆ ನಾಯಿಗೆ ಹೊಸ ಮನೆ ಒಗ್ಗುವುದು ತಡವಾಗುತ್ತದೆ. ವಾರಕ್ಕೊಂದು ಫೋಟೊ ಕಳಿಸಬೇಕು, ಅಷ್ಟೇ. ಮೊದಲ ಫೋಟೊದಲ್ಲಿ ನಾಯಿಯ ಸುತ್ತ ಐದು ಮಕ್ಕಳು. ಎರಡನೆಯದರಲ್ಲಿ ಮದುವೆ ಸೀರೆಯುಟ್ಟ ಹೆಂಗಸರ ನಡುವೆ ನಾಯಿ. ಮೂರನೆಯದರಲ್ಲಿ ನಾಯಿ ಮಾತ್ರ, ತೀರ ಹತ್ತಿರದಿಂದ. ನಾಲ್ಕನೆಯ ಫೋಟೊದ ಕೆಳಗೆ ಖುಷಿಯಾಗಿದ್ದಾಳೆ ಎಂದು ಬರೆದಿತ್ತು. ಫೋಟೊ ಮೇಲಿನಿಂದ ತೆಗೆದದ್ದು. ನಾಯಿ ಅಂಗಳದ ನಡುವೆ ನಿಂತು ಕತ್ತೆತ್ತಿ ನೋಡುತ್ತಿದೆ. ಹಿಂದೆ ಜಗುಲಿಯ ಕುರ್ಚಿಗಳು ಒಂದರ ಮೇಲೊಂದು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಮೆಟ್ಟಿಲ ಬಳಿ ಒಂದೂ ಚಪ್ಪಲಿ ಇಲ್ಲ.

ಯಜಮಾನರ ಊರಿನ ನಂಬರು ಸ್ವಿಚ್ ಆಫ್ ಇತ್ತು. ವಾಟ್ಸ್ಆ್ಯಪ್‌ನಲ್ಲಿ ಕರೆ ಮಾಡಿದಾಗ ಕುವೈತ್‌ನಿಂದ ಮಾತಾಡಿದರು.

"ನಾವು ಹತ್ತನೇ ತಾರೀಕಿಗೆ ಬಂದೆವು ಸರ್. ಕೆಲಸದವರು ಬೆಳಿಗ್ಗೆ ಬಂದು ಊಟ ಹಾಕುತ್ತಾರೆ, ನೀರಿಡುತ್ತಾರೆ. ನಾವು ಕ್ಯಾಮೆರಾದಲ್ಲಿ ನೋಡುತ್ತೇವೆ. ಅದರಲ್ಲಿ ಸ್ಪೀಕರ್ ಉಂಟು, ಮಾತೂ ಆಡಿಸುತ್ತೇವೆ."

"ನಾಯಿ ಎಂತ ಮಾಡುತ್ತದೆ?"

"ಮೇಲೆ ನೋಡುತ್ತಾಳೆ."

ಮರುದಿನ ಬೆಳಿಗ್ಗೆ ಶಿರ್ವಕ್ಕೆ ಹೋದೆ. ಕೆಲಸದವರು ಗೇಟು ತೆರೆದರು. ನಾಯಿ ಟೈಲ್ಸ್ ಗೂಡಿನಲ್ಲಿರಲಿಲ್ಲ, ಜಗುಲಿಯಲ್ಲೂ ಇರಲಿಲ್ಲ. ಕ್ಯಾಮೆರಾ ಇದ್ದ ಕಂಬದ ಬುಡದಲ್ಲಿ ಮಲಗಿತ್ತು. ಅಲ್ಲಿಯ ಮಣ್ಣು ದುಂಡಗೆ ಸವೆದಿತ್ತು. ತಟ್ಟೆಯಲ್ಲಿ ಹಿಂದಿನ ದಿನದ ಅನ್ನ ಹಾಗೇ ಇತ್ತು. ನನ್ನನ್ನು ಕಂಡು ಎದ್ದಿತು, ಬಾಲ ಆಡಿಸಲಿಲ್ಲ. ಆಗ ಕಂಬದ ಮೇಲಿನಿಂದ ಯಜಮಾನರ ದನಿ ಬಂತು.

"ಸರ್, ಸ್ವಲ್ಪ ಬಲಕ್ಕೆ ನಿಲ್ಲಿ. ಅವಳು ಕಾಣುವುದಿಲ್ಲ."

ಬಲಕ್ಕೆ ಸರಿದೆ. ನಾಯಿ ನನ್ನನ್ನು ಬಿಟ್ಟು ಕಂಬದ ಮೇಲಕ್ಕೆ ನೋಡಿತು. ನಾನು ಕ್ಯಾಮೆರಾ ಕಡೆ ಮುಖ ಮಾಡಿ, ನಾಯಿಯನ್ನು ಒಯ್ಯುತ್ತೇನೆ ಎಂದೆ.  

"ಆಗಲಿ ಸರ್," ಎಂದರು. "ಇಲ್ಲಿಯೂ ಹೆಂಡತಿ ಮಕ್ಕಳು ಇರುವುದು ಪೇಟೆಯಲ್ಲಿ. ನಾನು ದೂರದ ಕೆಲಸದ ಸೈಟಿನಲ್ಲಿ. ಬೆಳಿಗ್ಗೆ ಎದ್ದು ಮೊದಲು ಇವಳನ್ನೇ ನೋಡುವುದು. ಪರವಾಗಿಲ್ಲ, ನೀವು ಕೊಂಡುಹೋಗಿ."

ನಾಯಿಯನ್ನು ವ್ಯಾನಿಗೆ ಹತ್ತಿಸುವಾಗ ಅವರು ಹೆಸರು ಹಿಡಿದು ಎರಡು ಸಲ ಕರೆದರು. ನಾಯಿ ಇಳಿಯಲು ನೋಡಿತು. ಕೆಲಸದವರು ವ್ಯಾನಿನ ಬಾಗಿಲು ಹಾಕಿದರು.

ಕ್ಲಿನಿಕ್‌ನಲ್ಲಿ ಜಾಗವಿರಲಿಲ್ಲವಾದ್ದರಿಂದ ಮಣಿಪಾಲದ ನನ್ನ ಬಾಡಿಗೆ ಮನೆಗೆ ಕರೆತಂದೆ. ಮೇಲಿನ ಮಹಡಿ, ಎರಡು ಕೋಣೆ. ಕೆಳಗೆ ವಿದ್ಯಾರ್ಥಿಗಳಿದ್ದಾರೆ, ವರ್ಷ ವರ್ಷ ಬದಲಾಗುತ್ತಾರೆ. ನಾನು ಒಬ್ಬನೇ ಇರುವವನು. ಮೊದಲ ಎರಡು ದಿನ ನಾಯಿ ಗೋಡೆಯ ಮೇಲಿನ ಮೂಲೆಗಳನ್ನು ನೋಡುತ್ತಿತ್ತು. ಫೋನಿನಲ್ಲಿ ಯಾರದಾದರೂ ದನಿ ದೊಡ್ಡದಾಗಿ ಕೇಳಿದರೆ ಎದ್ದು ನಿಲ್ಲುತ್ತಿತ್ತು. ಮೂರನೆಯ ದಿನ ಅರ್ಧ ತಟ್ಟೆ ತಿಂದಿತು. ಆರನೆಯ ದಿನ ನಾನು ಚಹಾ ಕುಡಿಯುವಾಗ ಬಂದು ಕುರ್ಚಿಯ ಕೆಳಗೆ ಮಲಗಿತು. ಎರಡನೆಯ ವಾರ, ಪಾಳಿಗೆ ಹೊರಡುವ ಮುಂಚೆ ನಾನು ನಾಯಿಗೆ ಎಲ್ಲಿಗೆ ಹೋಗುತ್ತಿದ್ದೇನೆ, ಯಾವಾಗ ಬರುತ್ತೇನೆ ಎಂದು ಹೇಳುತ್ತಿದ್ದೇನೆಂಬುದು ಗಮನಕ್ಕೆ ಬಂತು. ಆ ಮನೆಯಲ್ಲಿ ಅದಕ್ಕೆ ಮೊದಲು ನಾನು ಹಾಗೆ ಯಾರಿಗೂ ಹೇಳಿ ಹೋದದ್ದಿಲ್ಲ.

ಕಾಲು ತೋರಿಸಲು ಕ್ಲಿನಿಕ್‌ಗೆ ಹೋದಾಗ ವೈದ್ಯೆ ತೂಕ ನೋಡಿದರು. ಎರಡು ಕಿಲೊ ಹೆಚ್ಚಿತ್ತು.

"ನೀವೇ ಇಟ್ಟುಕೊಳ್ಳಿ ಮಾರಾಯ್ರೆ," ಎಂದರು.

"ಆರನೇ ನಿಯಮ ಉಂಟಲ್ಲ."

"ಅದನ್ನು ಬರೆದದ್ದು ಯಾರು? ಬ್ರಹ್ಮನಾ?"

"ನಾನೇ."

"ಹಾಗಾದರೆ ನೀವೇ ಅಳಿಸಿ. ಒಂಬತ್ತು ಜನ ಇದ್ದ ಮನೆಯಲ್ಲಿ ಎಂತಾಯಿತು ನೋಡಿದಿರಲ್ಲ?"

ಅಳಿಸಬಹುದಿತ್ತು. ಆದರೆ ನನಗಾಗಿ ಅಳಿಸುವುದಾದರೆ, ಅದೇ ನಿಯಮ ಹೇಳಿ ನವೆಂಬರಿನಲ್ಲಿ ಬೇಡವೆಂದ ಕಾರ್ಕಳದ ಅರ್ಜಿ ನನ್ನದಕ್ಕಿಂತ ಮೊದಲಿನದು. ಇದನ್ನು ವೈದ್ಯೆಗೆ ಹೇಳಿದೆ. ನೀವು ಮನುಷ್ಯರಾ, ಪೇಪರಾ ಎಂದು ಕೇಳಿದರು. ಅಲ್ಲಿಂದಲೇ ಕಾರ್ಕಳಕ್ಕೆ ಫೋನ್ ಮಾಡಿದೆ.

"ಓ, ನೀವಾ? ನಾನು ಈಗಲೂ ಒಬ್ಬಳೇ ಸರ್," ಎಂದರು ಟೈಲರ್. "ನವೆಂಬರಿನಿಂದ ಯಾರೂ ಬಂದು ಸೇರಿಕೊಂಡಿಲ್ಲ."

ಮನೆ ನೋಡಲು ಬರುತ್ತೇನೆ ಎಂದೆ.

ಆ ಮನೆಯಲ್ಲಿ ಏನಾದರೊಂದು ತಪ್ಪು ಸಿಗಲಿ ಎಂದು ಬಯಸುತ್ತಲೇ ಹೋದೆ. ಸಿಕ್ಕಿತು. ಗೇಟಿಗೆ ಚಿಲಕವಿಲ್ಲ, ತೆಂಗಿನ ಹಗ್ಗ ಕಟ್ಟಿತ್ತು. ಬರೆದುಕೊಂಡೆ. ಬಾವಿಗೆ ಕಟ್ಟೆ ಇತ್ತು. ಎದುರಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಬೆಂಚಿನ ಮೇಲೆ ಮೂವರು ಹೆಂಗಸರು. ಒಬ್ಬಾಕೆಯ ತೋಳಿನ ಅಳತೆ ತೆಗೆಯುತ್ತಲೇ ಟೈಲರ್ ನನಗೆ ಉತ್ತರ ಕೊಟ್ಟರು.

"ಒಬ್ಬಳೇ ಅಂದದ್ದು ಮಲಗುವಾಗಿನ ಲೆಕ್ಕ ಸರ್. ಹಗಲು ನೋಡಿ, ಕೂರಲಿಕ್ಕೆ ಜಾಗ ಇಲ್ಲ. ನೀವು ಅದನ್ನು ಕೇಳಲೇ ಇಲ್ಲ. ಫಟ್ ಅಂತ ಫೋನ್ ಇಟ್ಟಿರಿ."

"ನಿಮಗೆ ಹುಷಾರಿಲ್ಲದೆ ಆಸ್ಪತ್ರೆಗೆ ಸೇರಿದರೆ?"

"ಪಕ್ಕದ ಮನೆಯಲ್ಲಿ ನನ್ನ ಬೀಗದ ಕೈ ಉಂಟು. ಅವರದ್ದು ನನ್ನಲ್ಲಿ ಉಂಟು. ಬೆಳಿಗ್ಗೆ ಎಂಟರ ಒಳಗೆ ನಾನು ಬಾಗಿಲು ತೆರೆಯದಿದ್ದರೆ ಅವರು ಬಂದು ತೆರೆಯುವುದು. ಹನ್ನೆರಡು ವರ್ಷದಿಂದ ಹಾಗೆಯೇ."

ಪಕ್ಕದ ಮನೆಗೆ ಹೋದೆ. ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಂಗಸು ಆಗಷ್ಟೇ ಊಟಕ್ಕೆ ಬಂದಿದ್ದರು.

"ಟೈಲರಕ್ಕನಾ? ಬಾಯಿ ಜೋರು. ಹೇಳಿದ ದಿನಕ್ಕೆ ರವಿಕೆ ಕೊಟ್ಟದ್ದು ನಾನು ಕಂಡಿಲ್ಲ," ಎಂದರು. "ನಾಯಿಯ ವಿಷಯವಾ? ಅದಕ್ಕೆ ಅನ್ನ ಹಾಕಲಿಕ್ಕೆ ತಟ್ಟೆ ಕೂಡ ತೆಗೆದಿಟ್ಟಿದ್ದಳು. ನೀವು ಕೊಡುವುದಿಲ್ಲ ಅಂದದ್ದಂತೆ. ಎರಡು ದಿನ ಮುಖ ಸಣ್ಣ ಮಾಡಿಕೊಂಡಿದ್ದಳು."

"ಅವರಿಲ್ಲದಾಗ ನಾಯಿಯನ್ನು ನೋಡುತ್ತೀರಾ?"

"ನೋಡದೆ? ಅವಳ ಬೆಕ್ಕು ಸತ್ತದ್ದೇ ನನ್ನ ಮಡಿಲಲ್ಲಿ."

ಮಣಿಪಾಲಕ್ಕೆ ಮರಳಿ ಆರನೆಯ ನಿಯಮವನ್ನು ಹೊಸದಾಗಿ ಬರೆದೆ. ಸಾಕುವವರು ಒಬ್ಬರೇ ಇರಬಹುದು. ಆದರೆ ಅವರಿಲ್ಲದಾಗ ಬಾಗಿಲು ತೆರೆಯಬಲ್ಲ, ನಡೆದು ಬರುವಷ್ಟು ಹತ್ತಿರದಲ್ಲಿರುವ ಇನ್ನೊಬ್ಬರ ನಂಬರು ಬೇಕು. ನಮ್ಮ ನಾಲ್ವರ ನಂಬರು ಅದಕ್ಕೆ ಸಲ್ಲುವುದಿಲ್ಲ. ಉಳಿದ ಮೂವರಿಗೂ ಕಳಿಸಿದೆ, ಒಪ್ಪಿದರು.

ಎರಡು ಫಾರ್ಮ್ ತೆಗೆದುಕೊಂಡೆ. ಒಂದರಲ್ಲಿ ಕಾರ್ಕಳದ ವಿವರ ತುಂಬಿದೆ. ಗೇಟು ಎಂಬಲ್ಲಿ ಚಿಲಕ ಹಾಕಿಸಬೇಕು ಎಂದು ಬರೆದೆ. ಎರಡನೇ ನಂಬರಿನ ಜಾಗದಲ್ಲಿ ಅಂಗನವಾಡಿಯವರ ನಂಬರು ಬರೆದೆ. ಇನ್ನೊಂದರಲ್ಲಿ ನನ್ನ ಹೆಸರು, ವಿಳಾಸ, ಕೆಲಸದ ವೇಳೆ ಬರೆದೆ. ಬಾವಿ ಇಲ್ಲ. ಗೇಟಿಗೆ ಚಿಲಕ ಉಂಟು. ಎರಡನೇ ನಂಬರು ಎಂಬಲ್ಲಿ ಕೆಳಗಿನ ಮನೆಯ ವಿದ್ಯಾರ್ಥಿಗಳನ್ನು ಯೋಚಿಸಿದೆ. ಅವರಲ್ಲಿ ಯಾರ ಹೆಸರೂ ನನಗೆ ಗೊತ್ತಿರಲಿಲ್ಲ, ಮೇ ತಿಂಗಳಲ್ಲಿ ಖಾಲಿ ಮಾಡುವವರು. ಡೆಸ್ಕ್‌ನವರೆಲ್ಲ ನನ್ನದೇ ಪಾಳಿಯವರು, ದೂರದಿಂದ ಬರುವವರು. ಮನೆ ಮಾಲೀಕರು ಮುಂಬಯಿಯಲ್ಲಿದ್ದಾರೆ. ಫೋನಿನಲ್ಲಿದ್ದ ಹೆಸರುಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಸಾವಿರಕ್ಕೂ ಮೇಲಿದ್ದವು, ಹೆಚ್ಚಿನವು ವರದಿಗಾರರು, ಠಾಣೆಗಳು, ಪಂಚಾಯತ್‌ಗಳು. ಆ ಜಾಗ ಖಾಲಿ ಬಿಟ್ಟೆ. ಖಾಲಿ ಬಿಟ್ಟ ಅರ್ಜಿ ತಿರಸ್ಕರಿಸಬೇಕೆಂದು ಫಾರ್ಮಿನ ಕೆಳಗೆ ಬರೆದಿದೆ.

ಎರಡು ದಿನದ ನಂತರ ಟೈಲರ್ ಹೊಸ ಚಿಲಕದ ಫೋಟೊ ಕಳಿಸಿದರು. ಅದರ ಜೊತೆ, ಇನ್ನೇನಾದರೂ ಉಂಟಾ ಸರ್ ಎಂಬ ಪ್ರಶ್ನೆ. ಇಲ್ಲ ಎಂದು ಉತ್ತರಿಸಿದೆ.

ಫೆಬ್ರವರಿ ಎರಡನೆಯ ಭಾನುವಾರ ನಾಯಿಯನ್ನು ಕಾರ್ಕಳಕ್ಕೆ ಕೊಂಡುಹೋದೆ. ಟೈಲರ್ ಅದರ ಕಿವಿ ಹಿಡಿದು ನೋಡಿದರು, ಕಾಲು ನೋಡಿದರು. "ಏನು ಹೆಸರು?" ಎಂದು ಕೇಳಿದರು. ಶಿರ್ವದವರು ಇಟ್ಟ ಹೆಸರು ಹೇಳಿದೆ. "ಇರಲಿ, ಅದನ್ನೇ ಕರೆಯುವ. ಮತ್ತೆ ಮತ್ತೆ ಬದಲಾಯಿಸಿದರೆ ಅದಕ್ಕೂ ತಲೆ ಕೆಡುತ್ತದಲ್ವಾ?" ಎಂದರು. ಚಹಾ ಕುಡಿದು ಹೋಗಿ ಎಂದರು. ಪಾಳಿಗೆ ಹೊತ್ತಾಗುತ್ತದೆ ಎಂದೆ. ಭಾನುವಾರ ನನಗೆ ರಜೆ.

ಕುವೈತ್‌ಗೂ ಸುದ್ದಿ ತಿಳಿಸಿದೆ. ಫೋಟೊ ಬಂದರೆ ನನಗೊಂದು ಕಳಿಸುತ್ತೀರಾ ಎಂದು ಯಜಮಾನರು ಕೇಳಿದರು. ಪ್ರತಿ ವಾರ ಕಳಿಸುತ್ತಿದ್ದೇನೆ.

ಒಂದು ತಿಂಗಳು ಹೋಗಬಾರದೆಂಬ ನಿಯಮದ ಅವಧಿ ಮಾರ್ಚ್‌ಗೆ ಮುಗಿಯಿತು. ನಾನು ಹೋಗಿಲ್ಲ.

ಕಳೆದ ಬುಧವಾರ ಟೈಲರ್ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಉಡುಪಿಯ ಆಸ್ಪತ್ರೆಗೆ ದಾಖಲಾದರು. ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾನು ಎರಡನೇ ನಂಬರಿಗೆ ಕರೆ ಮಾಡಿದೆ. ನಾಯಿ ರಾತ್ರಿ ಅಂಗನವಾಡಿಯವರ ಅಡುಗೆಕೋಣೆಯ ಬಾಗಿಲಲ್ಲಿ ಮಲಗಿತ್ತಂತೆ. ಬೆಳಿಗ್ಗೆ ಎರಡು ದೋಸೆ ತಿಂದಿದೆ.