ಗಾಂಜಾ ಅಂಗಡಿಯ ಮನೆ ಹೆಣ್ಣು

ಇಂದಿರಾನಗರದ ನಮ್ಮ ಪಕ್ಕದ ಮನೆಯ ತಾರಸಿಯಿಂದ ಸಂಜೆಯಾದರೆ ಒಂದು ವಾಸನೆ ಇಳಿದು ಬರುತ್ತದೆ. ಮೊನ್ನೆ ಅದು ಬಂದಾಗ ಮೊಮ್ಮಗ ಕಿಟಕಿ ಮುಚ್ಚುತ್ತ, "ಗಾಂಜಾನ ಲೀಗಲ್ ಮಾಡಿ ಟ್ಯಾಕ್ಸ್ ಹಾಕ್ಬೇಕು ಅಜ್ಜಿ, ಎಲ್ಲ ಸರಿಹೋಗುತ್ತೆ. ಹೊಸ ಐಡಿಯಾ," ಎಂದ. ತೊಂಬತ್ತರ ಹತ್ತಿರದ ಮುದುಕಿ ನಾನು, ನಗು ತಡೆಯಲಾಗಲಿಲ್ಲ. ಆ ಹೊಸ ಐಡಿಯಾದ ಅನ್ನ ತಿಂದೇ ನಾನು ಬೆಳೆದದ್ದು.

ನೀವೂ ನಂಬಲಿಕ್ಕಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ, ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಇಂಗ್ಲಿಷರಿದ್ದ ಕಾಲದಲ್ಲಿ, ಹಲಸೂರಿನ ಗುಡಿ ಬೀದಿಯಲ್ಲಿ ನಮ್ಮ ತಾತನದು ಗಾಂಜಾ ಅಂಗಡಿ. ಕದ್ದುಮುಚ್ಚಿ ಅಲ್ಲ, ಬಾಗಿಲ ಮೇಲೆ ಸರ್ಕಾರದ ಲೈಸೆನ್ಸಿನ ಬೋರ್ಡಿತ್ತು. ಮಾಲು ಸುಂಕ ಕಟ್ಟಿಸಿಕೊಂಡು, ಮೊಹರು ಹಾಕಿಸಿಕೊಂಡು ಬರುತ್ತಿತ್ತು. ಗಿರಾಕಿಗಳೆಂದರೆ ಜಟಕಾ ಹೊಡೆಯುವ ಸಾಹೇಬರು, ಬೈರಾಗಿಗಳು, ಮತ್ತೆ ತಾವು ಬಾರದೆ ಆಳನ್ನು ಕಳಿಸುವ ದೊಡ್ಡ ಮನುಷ್ಯರು. ತಾತ ಮಾತ್ರ ನಶ್ಯವನ್ನೂ ಏರಿಸಿದವರಲ್ಲ. ಪೂಜೆ ಮುಗಿಸಿ, ವಿಭೂತಿ ಧರಿಸಿ, ಬಂಗಾರ ತೂಗುವವರ ಗತ್ತಿನಲ್ಲಿ ತಕ್ಕಡಿ ಹಿಡಿಯುತ್ತಿದ್ದರು.

ಅದೇ ಪೊಟ್ಟಣ ಇಟ್ಟುಕೊಂಡು ಕೃಷ್ಣರಾಜಪುರದ ಕಡೆ ದಂಡಿನ ಗಡಿ ದಾಟಿದರೆ ಮೈಸೂರು ಮಹಾರಾಜರ ಪೊಲೀಸರು ಹಿಡಿಯುತ್ತಿದ್ದರು. ಸೊಪ್ಪು ಅದೇ, ಖಜಾನೆ ಬೇರೆ. ಪಾಪಪುಣ್ಯದ ಲೆಕ್ಕ ನನಗೆ ಅರ್ಥವಾದದ್ದು ಪುರಾಣದಿಂದಲ್ಲ, ಆ ಗಡಿಯಿಂದ.

ತಾತನಿಗಿದ್ದ ಒಂದೇ ಚಿಂತೆ ಅವರ ಮಗಳು, ನಮ್ಮ ಸರಸತ್ತೆಯ ಮದುವೆ. ಗಂಡಿನ ಕಡೆಯವರು ಬೋರ್ಡು ನೋಡಿ ಬಾಗಿಲಿಂದಲೇ ತಿರುಗಿಬಿಡುತ್ತಿದ್ದರು. ಕೊನೆಗೆ ಅಬಕಾರಿ ಇನ್ಸ್‌ಪೆಕ್ಟರೇ ತಮ್ಮ ಮಗನಿಗೆ ಹೆಣ್ಣು ನೋಡಲು ಒಪ್ಪಿದಾಗ ತಾತ ಹಿಗ್ಗಿಹೋದರು. ನಮ್ಮ ಅಂಗಡಿಯ ಮೊಹರು ಪರೀಕ್ಷಿಸುವವರು ಅವರೇ. ಅವರಿಗಿಂತ ನಮ್ಮನ್ನು ಬಲ್ಲವರು ಯಾರಿದ್ದಾರೆ?

ಇನ್ಸ್‌ಪೆಕ್ಟರು ಬಂದರು. ಕೇಸರಿಬಾತು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದರು. ಕೈ ಒರೆಸಿಕೊಳ್ಳುತ್ತ, "ಹುಡುಗಿ ಲಕ್ಷಣವಾಗಿದಾಳೆ. ಆದ್ರೆ ಗಾಂಜಾ ಅಂಗಡಿಯೋರ ಮನೆ ಹೆಣ್ಣು ಅಂತ ಜನ ಆಡ್ಕೋತಾರೆ. ನಮ್ಮ ಮರ್ಯಾದೇನೂ ನೋಡ್ಕೋಬೇಕಲ್ಲ," ಎಂದರು. ಹಾಗಾದರೆ ಬಂದದ್ದಾದರೂ ಏಕೆ? ಕೇಸರಿಬಾತಿಗೇ ಇರಬೇಕು.

ತಾತ ಕೈಮುಗಿದು ನಿಂತೇ ಇದ್ದರು. ಬರುವ ವರ್ಷದ ಲೈಸೆನ್ಸು ಆ ಮನುಷ್ಯನ ಕೈಯಲ್ಲಿತ್ತು. ಮಾತಾಡಿದವಳು ಸರಸತ್ತೆ, ಕಾಫಿ ಲೋಟ ಎತ್ತಿಕೊಳ್ಳುತ್ತ. "ನಮ್ಮಪ್ಪ ಕಟ್ಟೋ ಸುಂಕದಲ್ಲೇ ತಾನೆ ನಿಮ್ಮ ಸಂಬಳ ಬರೋದು? ಆ ದುಡ್ಡಿಗಿಲ್ಲದ ವಾಸನೆ ನನಗೆಲ್ಲಿಂದ ಬಂತು ಸಾರ್?"

ಅವರು ಎದ್ದು ಚಪ್ಪಲಿ ಹುಡುಕಿದರು. ಮುಂದಿನ ವಾರ ಏನೂ ಆಗದವರಂತೆ ಮೊಹರು ನೋಡಲು ಅಂಗಡಿಗೆ ಬಂದರು, ತಾತ ಕುರ್ಚಿ ಒರೆಸಿ ಹಾಕಿದರು. ಆ ಕುರ್ಚಿ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸರಸತ್ತೆಗೆ ಮದುವೆಯಾಗಲಿಲ್ಲ. ಲಿಂಗರಾಜಪುರದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತ ಒಬ್ಬಳೇ ಮುದುಕಿಯಾದಳು. ಇನ್ಸ್‌ಪೆಕ್ಟರು ಪೆನ್ಷನ್ ತೆಗೆದುಕೊಳ್ಳುತ್ತ, ಪಾನನಿರೋಧದ ಸಭೆಗಳಲ್ಲಿ ಭಾಷಣ ಮಾಡಿ ಹಾರ ಹಾಕಿಸಿಕೊಂಡರು.

ಇಷ್ಟೂ ಕೇಳಿದ ಮೊಮ್ಮಗ, "ಹಾಗಾದ್ರೆ ಬೇಡ ಅಂತೀಯಾ ಅಜ್ಜಿ?" ಎಂದ.

"ಮಾರ್ಲಿ ಕಣೋ, ಟ್ಯಾಕ್ಸೂ ಹಾಕ್ಲಿ. ಅದ್ರ ಜೊತೆ ಇನ್ನೊಂದು ಕಾನೂನು ಮಾಡ್ಲಿ. ಲೈಸೆನ್ಸಿಗೆ ಸಹಿ ಹಾಕೋನು ಆ ಅಂಗಡಿಯೋರ ಮನೆಯಿಂದ್ಲೇ ಸೊಸೆ ತರ್ಬೇಕು."

ಅವನು ನಕ್ಕ. ನಾನು ನಗದೆ ಎದ್ದು ಹೋಗಿ, ಅವನು ಮುಚ್ಚಿದ್ದ ಕಿಟಕಿ ತೆರೆದೆ. ಸರಸತ್ತೆ ಹುಟ್ಟಿದ ಮನೆಯ ವಾಸನೆಗೆ ನಾನಾದರೂ ಬಾಗಿಲು ಹಾಕಬಾರದು.